ಪ್ರಾಯದ ಹುಂಜ ಮೈಮೇಲೆ ಬಂದರೆ: ಕಾರಣ ಹುಡುಕಿ ಸರಿಪಡಿಸುವ ಕೈಪಿಡಿ

ನಾಲ್ಕು ತಿಂಗಳು ಅಂಗೈಯಿಂದಲೇ ಕಾಳು ಹೆಕ್ಕುತ್ತಿದ್ದ ಹುಂಜದ ಮರಿ ಐದನೇ ತಿಂಗಳಿಗೆ ಕಾಲಿನ ಮೇಲೆ ಹಾರುತ್ತದೆ. ಬಾಗಿಲು ತೆರೆದರೂ ಹೇಂಟೆಗಳು ಗೂಡಿನಿಂದ ಇಳಿಯುವುದಿಲ್ಲ. ಇಷ್ಟಾದರೆ ಸಾಕು, "ಈ ಹುಂಜವೇ ಕೆಟ್ಟದ್ದು" ಎಂದು ಮನೆಯವರೆಲ್ಲ ತೀರ್ಮಾನಿಸಿಬಿಡುತ್ತಾರೆ. ಕೆಟ್ಟದ್ದೇ ಇರಬಹುದು. ಆದರೆ ಆ ತೀರ್ಮಾನಕ್ಕೆ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಹೇಂಟೆಗಳ ಸಂಖ್ಯೆ ಕಡಿಮೆ ಇರಬಹುದು, ಜಾಗ ಇಕ್ಕಟ್ಟಾಗಿರಬಹುದು, ಹಿಂಡಿನಲ್ಲಿ ಹಿರಿಯ ಕೋಳಿಗಳೇ ಇಲ್ಲದಿರಬಹುದು, ನಾವೇ ಅದನ್ನು ಕೆಣಕುವಂತೆ ನಡೆದುಕೊಳ್ಳುತ್ತಿರಬಹುದು. ಯಾವ ಎಳೆ ತಪ್ಪಿದ್ದರೂ ಹೊರಗೆ ಕಾಣುವುದು ಮಾತ್ರ ಹುಂಜದ ಸಿಟ್ಟು. ಅದಕ್ಕೇ ಹುಂಜವನ್ನು ತಿದ್ದುವ ಮೊದಲು ಅದರ ಸುತ್ತಲಿನದನ್ನು ಪರೀಕ್ಷಿಸಬೇಕು.

ಮೊದಲು ನೋಡುವುದು, ಆಮೇಲೆ ಕೈ ಹಾಕುವುದು

ಮೂರು ಪ್ರಶ್ನೆಗೆ ಉತ್ತರ ಸಿಗುವವರೆಗೆ ಏನನ್ನೂ ಬದಲಿಸಬೇಡಿ: ಯಾರ ಮೇಲೆ ಹೋಗುತ್ತಿದೆ, ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ? ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಂದಿಷ್ಟು ಹೊತ್ತು, ಸಂಜೆ ಕೋಳಿಗಳು ಗೂಡು ಸೇರುವ ಮೊದಲು ಒಂದಿಷ್ಟು ಹೊತ್ತು ದೂರದಲ್ಲಿ ಸುಮ್ಮನೆ ಕುಳಿತು ನೋಡಿ. ಗಲಾಟೆ ಹೆಚ್ಚಾಗುವುದು ಈ ಎರಡು ವೇಳೆಯಲ್ಲೇ. ಎಲ್ಲ ಹೇಂಟೆಗಳಿಗೂ ಕಾಟವೋ, ಒಂದೆರಡಕ್ಕೆ ಮಾತ್ರವೋ? ಮನುಷ್ಯರಲ್ಲಿ ಎಲ್ಲರ ಮೇಲೂ ಬರುತ್ತದೋ, ಬಕೆಟ್ ಹಿಡಿದವರ ಮೇಲೆ ಮಾತ್ರವೋ? ಬಾಗಿಲ ಬಳಿ ಮಾತ್ರವೋ? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೆನಪಿನ ಮೇಲೆ ಬಿಟ್ಟರೆ ಕೊನೆಯ ಸಲ ಕುಕ್ಕಿದ್ದಷ್ಟೇ ತಲೆಯಲ್ಲಿ ಉಳಿದಿರುತ್ತದೆ.

ವಯಸ್ಸನ್ನೂ ಬರೆಯಿರಿ. ಹುಂಜ ಪ್ರಾಯಕ್ಕೆ ಬರುವುದು ಸುಮಾರು ನಾಲ್ಕರಿಂದ ಆರು ತಿಂಗಳ ನಡುವೆ. ಜುಟ್ಟು ಕೆಂಪೇರುತ್ತದೆ, ಒಡಕು ದನಿಯ ಕೂಗು ಗಟ್ಟಿಯಾಗುತ್ತದೆ, ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಏರುತ್ತದೆ. ಅದರ ಜೊತೆಯಲ್ಲೇ ಮೊಟ್ಟೆಯೊಡೆದ ಹೇಂಟೆಗಳು ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಸಾಮಾನ್ಯವಾಗಿ ಅವು ಮೊಟ್ಟೆಗೆ ಬರುವುದು 18ರಿಂದ 24 ವಾರಕ್ಕೆ, ಕೆಲವು ತಳಿಗಳಲ್ಲಿ ಇನ್ನೂ ತಡ. ಒಂದೇ ವಯಸ್ಸಿನ ಹಿಂಡಿನಲ್ಲಿ ಆ ನಡುವಿನ ಕೆಲವು ವಾರ ಹುಂಜ ಅಟ್ಟುತ್ತದೆ, ಹೇಂಟೆ ಓಡುತ್ತದೆ, ಓಡಿದಷ್ಟೂ ಇದು ಇನ್ನಷ್ಟು ಬೆನ್ನಟ್ಟುತ್ತದೆ. ಹೇಂಟೆ ತಯಾರಾಗಿದೆಯೇ ಎಂದು ತಿಳಿಯಲು ಅದರ ಬೆನ್ನ ಮೇಲೆ ಮೆಲ್ಲಗೆ ಕೈಯಿಡಿ. ರೆಕ್ಕೆ ತುಸು ಅಗಲಿಸಿ ಕುಕ್ಕರಿಸಿದರೆ ಮೊಟ್ಟೆಯ ದಿನ ಹತ್ತಿರ ಬಂದಿದೆ. ಹಿಂಡಿನ ಹೇಂಟೆಗಳೆಲ್ಲ ಹಾಗೆ ಕೂರಲು ಶುರುಮಾಡಿದ ಮೇಲೆ ಅರ್ಧ ಜಗಳ ತಾನಾಗಿ ಇಳಿಯುವುದುಂಟು. ಅಲ್ಲಿಯವರೆಗೆ ಹುಂಜವನ್ನು ಬೇರೆ ಇಡುವುದೇ ಸುಲಭದ ಪರಿಹಾರ.

ಸರಸವೋ, ಕಾಟವೋ

ಹೊಸದಾಗಿ ಕೋಳಿ ಸಾಕುವವರಿಗೆ ಸಹಜವಾದ ಕೂಡುವಿಕೆಯೂ ಹಲ್ಲೆಯ ಹಾಗೆ ಕಾಣುತ್ತದೆ. ಹುಂಜ ಒಂದು ರೆಕ್ಕೆ ಇಳಿಬಿಟ್ಟು ಹೇಂಟೆಯ ಸುತ್ತ ಅಡ್ಡಡ್ಡ ಹೆಜ್ಜೆ ಹಾಕುತ್ತದೆ, ಹೇಂಟೆ ಕೂರುತ್ತದೆ, ಹುಂಜ ಕತ್ತಿನ ಹಿಂದಿನ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಮೇಲೇರಿ ಮೆಟ್ಟಿ ಇಳಿಯುತ್ತದೆ. ಎಲ್ಲ ಕೆಲವೇ ಸೆಕೆಂಡು. ಹೇಂಟೆ ಎದ್ದು ಮೈಗರಿ ಕೊಡವಿಕೊಂಡು ಮತ್ತೆ ನೆಲ ಕೆದರಲು ಹೋಗುತ್ತದೆ. ತಲೆಯ ಹಿಂದೆ ನಾಲ್ಕು ಗರಿ ಉದುರಿದರೂ ಅದು ದೋಷವಲ್ಲ.

ಹೇಂಟೆ ಅರಚುತ್ತ ಅಂಗಳದ ಉದ್ದಕ್ಕೂ ಓಡುವುದು, ಕತ್ತು ಹಿಡಿದು ಎಳೆದಾಡುವುದು, ಮೆಟ್ಟಿಯಾದ ಮೇಲೂ ಬಿಡದೆ ಕುಕ್ಕುವುದು, ಹಗಲು ಹೊತ್ತಿನಲ್ಲೂ ಹೇಂಟೆಗಳು ಮೊಟ್ಟೆಯ ಪೆಟ್ಟಿಗೆಯಲ್ಲೋ ಕೂರುವ ಕೋಲಿನ ಮೇಲೋ ಅವಿತುಕೊಂಡಿರುವುದು, ಮೇವಿನ ಹತ್ತಿರ ಬರಲು ಹೆದರುವುದು, ಮೊಟ್ಟೆ ಕಡಿಮೆಯಾಗುವುದು ದೋಷದ ಗುರುತುಗಳು.

ಬೆನ್ನು ಬೋಳಾಗಿದ್ದರೆ ತಪ್ಪನ್ನು ಹುಂಜದ ತಲೆಗೆ ಕಟ್ಟುವ ಮೊದಲು ಹೇಂಟೆಯನ್ನು ಕೈಗೆತ್ತಿಕೊಂಡು ನೋಡಬೇಕು. ಬೆಳಕಿಗೆ ಹಿಡಿದು ಗರಿ ಬಿಡಿಸಿ. ಹುಂಜ ಮೆಟ್ಟಿ ಹಾಳಾದ ಬೆನ್ನಿನಲ್ಲಿ ಗರಿ ಬುಡಸಮೇತ ಹೋಗಿರುವುದಕ್ಕಿಂತ ನಡುವೆ ಮುರಿದಿರುವುದೇ ಹೆಚ್ಚು: ದಂಟು ಮೊಂಡಾಗಿ ನಿಂತಿರುತ್ತದೆ, ಬೆರಳಾಡಿಸಿದರೆ ಚುಚ್ಚುತ್ತದೆ. ಬೆನ್ನಿನ ಎರಡು ಬದಿಯಲ್ಲೂ ರೆಕ್ಕೆಯ ಬುಡದ ಹತ್ತಿರ ಹುಂಜ ಕಾಲೂರುವ ಜಾಗದಲ್ಲಿ ಮತ್ತು ತಲೆಯ ಹಿಂಭಾಗದಲ್ಲಿ ಹೀಗಾಗಿದ್ದರೆ ಅನುಮಾನವೇ ಬೇಡ. ಇನ್ನು ರೆಕ್ಕೆಯನ್ನು ಮೇಲೆತ್ತಿ ಪಕ್ಕೆಯನ್ನು ನೋಡಿ. ಬಹಳ ಮಂದಿ ಬಿಟ್ಟುಬಿಡುವ ಜಾಗ ಇದು. ಹುಂಜದ ಉಗುರು ಜಾರಿ ಇಲ್ಲಿ ಚರ್ಮ ಸೀಳಿರುತ್ತದೆ. ಮೇಲಿನ ಗರಿ ಮುಚ್ಚಿಕೊಂಡಿರುವುದರಿಂದ ಗಾಯ ಕೀವಾಗಿ ವಾಸನೆ ಬರುವವರೆಗೂ ಗೊತ್ತಾಗುವುದಿಲ್ಲ.

ಗರಿ ಉದುರಿಸುವ ಕಾಲವಾಗಿದ್ದರೆ ಬೋಳು ತಲೆ ಕತ್ತಿನಿಂದ ಶುರುವಾಗಿ ಕೆಳಗಿಳಿಯುತ್ತದೆ, ಜೊತೆಜೊತೆಗೇ ಮುಳ್ಳಿನಂಥ ಹೊಸ ಗರಿ ಎದ್ದಿರುತ್ತದೆ. ಗುದದ ಸುತ್ತ ಗರಿಯ ಬುಡದಲ್ಲಿ ಬಿಳಿ ಮೊಟ್ಟೆಯ ಗಂಟು ಕಂಡರೆ ಹೇನು. ಕೆಂಪು ನುಸಿ ಹಗಲು ಕೋಳಿಯ ಮೈಮೇಲೆ ಸಿಗುವುದು ಅಪರೂಪ. ಅದು ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಕೂರುವ ಕೋಲಿನ ಅಡಿಗೆ ಬಿಳಿ ಬಟ್ಟೆ ಒತ್ತಿ ಎಳೆದು ನೋಡಿ, ರಕ್ತದ ಗೀರು ಮೂಡಿದರೆ ಅದೇ. ಬಾಲದ ಬುಡದ ಗರಿ ಮಾತ್ರ ಹೋಗಿದ್ದರೆ ಹೇಂಟೆಗಳೇ ಒಂದನ್ನೊಂದು ಕುಕ್ಕುತ್ತಿರಬಹುದು. ಇವುಗಳಲ್ಲಿ ಯಾವುದಿದ್ದರೂ ಹುಂಜವನ್ನು ಓಡಿಸಿ ಏನೂ ಸಿಗುವುದಿಲ್ಲ.

ಗಾಯವಾದ ಹೇಂಟೆಯನ್ನು ಅಂದೇ ಬೇರೆ ಮಾಡಿ. ಕೋಳಿಗಳಿಗೆ ಕೆಂಪು ಬಣ್ಣ ಬಹಳ ಬೇಗ ಕಣ್ಣಿಗೆ ಬೀಳುತ್ತದೆ; ರಕ್ತ ಕಂಡರೆ ಉಳಿದ ಹೇಂಟೆಗಳೂ ಅಲ್ಲೇ ಕುಕ್ಕುತ್ತವೆ.

ಎಣಿಕೆ, ಜಾಗ, ಹಿರಿಯರು

ಒಂದು ಹುಂಜಕ್ಕೆ ಎಂಟರಿಂದ ಹನ್ನೆರಡು ಹೇಂಟೆ ಎಂಬುದು ರೂಢಿಯ ಲೆಕ್ಕ. ಹಗುರ ಮೈಯ ಚುರುಕು ತಳಿಗಳಿಗೆ ಹತ್ತು ಹನ್ನೆರಡು ಬೇಕು, ಭಾರದ ತಳಿಗಳಿಗೆ ಆರೇಳು ಸಾಕಾಗಬಹುದು. ಮೂರೇ ಹೇಂಟೆಯ ಜೊತೆ ಪ್ರಾಯದ ಹುಂಜ ಬಿಟ್ಟರೆ ಆ ಮೂರರ ಬೆನ್ನು ಉಳಿಯುವುದು ಕಷ್ಟ. ಇದಕ್ಕೆ ಪರಿಹಾರ ಎರಡೇ: ಹೇಂಟೆ ಹೆಚ್ಚಿಸುವುದು, ಇಲ್ಲವೇ ಹುಂಜವಿಲ್ಲದೆ ಇರುವುದು. ಮೊಟ್ಟೆಗೆ ಹುಂಜ ಬೇಕೇ ಬೇಕು ಎಂದು ಈಗಲೂ ನಂಬಿದವರಿದ್ದಾರೆ. ಮರಿ ಬೇಕಿದ್ದರೆ ಮಾತ್ರ ಹುಂಜ ಬೇಕು.

ಎಣಿಕೆ ಸರಿಯಿದ್ದರೂ ಒಂದೆರಡು ಹೇಂಟೆಗಳೇ ಹೆಚ್ಚು ಹಿಂಸೆಪಡುವುದುಂಟು. ಬೇಗ ಕೂರುವ ಸಾಧು ಹೇಂಟೆಗಳೇ ಹುಂಜಕ್ಕೆ ಅಚ್ಚುಮೆಚ್ಚು. ಅಂಥವಕ್ಕೆ ರೆಕ್ಕೆಯ ಬುಡಕ್ಕೆ ಸಿಕ್ಕಿಸುವ ದಪ್ಪ ಬಟ್ಟೆಯ ಬೆನ್ನುಕವಚ ಹಾಕಬಹುದು. ಗಾಯ ಹೊಸದಾಗುವುದನ್ನು ಅದು ತಡೆಯುತ್ತದೆ ಅಷ್ಟೇ, ಕಾರಣವನ್ನು ತೆಗೆಯುವುದಿಲ್ಲ. ಹಾಕಿ ಮರೆತುಬಿಟ್ಟರೆ ಅದರಡಿಯಲ್ಲೇ ಹೇನು ಮನೆಮಾಡುತ್ತದೆ, ಆಗಾಗ ಬಿಚ್ಚಿ ನೋಡುತ್ತಿರಬೇಕು.

ಎರಡು ಹುಂಜಗಳಿದ್ದರೆ ಯಾವುದು ಮೇಲು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬೆಳಗಿನ ಜಾವ ಮೊದಲು ಕೂಗುವ ಹಕ್ಕು ಹಿಂಡಿನ ಮೇಲಿನ ಹುಂಜದ್ದು, ಉಳಿದವು ತಮ್ಮ ಸ್ಥಾನಕ್ಕೆ ತಕ್ಕಂತೆ ಆಮೇಲೆ ಕೂಗುತ್ತವೆ ಎಂಬುದನ್ನು ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದಾರೆ. ಹಾಸಿಗೆಯಲ್ಲಿದ್ದೇ ಮಾಡಬಹುದಾದ ಪರೀಕ್ಷೆ! ಕೆಳಗಿನ ಹುಂಜ ಹೇಂಟೆಗಳನ್ನು ಕದ್ದು ಹಿಡಿಯಬೇಕಾಗುತ್ತದೆ, ಸುತ್ತು ಹಾಕಿ ಒಲಿಸುವಷ್ಟು ಪುರುಸೊತ್ತು ಅದಕ್ಕಿಲ್ಲ. ಹಾಗಾಗಿ ಒರಟಾಗಿ ಮೇಲೆ ಬೀಳುವುದು ಅದೇ ಆಗಿರಬಹುದು. ಚಿಕ್ಕ ಹಿಂಡಿನಲ್ಲಿ ಎರಡರಲ್ಲಿ ಒಂದನ್ನು ತೆಗೆದರೆ ಉಳಿದದ್ದು ತಣ್ಣಗಾಗುವುದನ್ನು ಕಾಣಬಹುದು.

ಜಾಗದ ಮಾತು. ಗೂಡಿನೊಳಗೆ ಕೋಳಿಗೆ ನಾಲ್ಕು ಚದರಡಿ, ಹೊರಗೆ ಬೇಲಿಯೊಳಗೆ ಹತ್ತು ಚದರಡಿ ಎಂಬುದು ಕನಿಷ್ಠದ ಅಂದಾಜು. ಪ್ರಾಯದ ಹುಂಜವಿದ್ದರೆ ಇನ್ನಷ್ಟಿರಲಿ. ಅಗಲಕ್ಕಿಂತ ಮುಖ್ಯವಾದದ್ದು ಮರೆ. ನಾಲ್ಕೂ ಕಡೆ ಬಟ್ಟಬಯಲಾಗಿರುವ ಬೇಲಿಯೊಳಗೆ ಓಡಿದ ಹೇಂಟೆ ಮೂಲೆಗೆ ಸಿಕ್ಕಿಬೀಳುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿದ ಹಲಗೆ, ಹಳೆಯ ಮೇಜು, ಒಂದೆರಡು ಪೊದೆ ಇದ್ದರೆ ಹುಂಜದ ಕಣ್ಣು ತಪ್ಪುತ್ತದೆ, ಕಣ್ಣು ತಪ್ಪಿದರೆ ಬೆನ್ನಟ್ಟುವುದೂ ನಿಲ್ಲುತ್ತದೆ. ಪ್ರತಿ ಮರೆಗೂ ಎರಡು ಕಡೆಯಿಂದ ಹೊರದಾರಿ ಇರಲಿ. ಮೇವು, ನೀರು ಎರಡು ಕಡೆ ಇಡಿ. ಒಂದರ ಮುಂದೆ ನಿಂತರೆ ಇನ್ನೊಂದು ಕಾಣಬಾರದು.

ಇನ್ನೊಂದು ಕೊರತೆ ಕಣ್ಣಿಗೆ ಅಷ್ಟು ಬೇಗ ಕಾಣುವುದಿಲ್ಲ: ಹಿರಿಯರಿಲ್ಲದ ಹಿಂಡು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೀಳಿನ ಕ್ರಮವಿದೆ ಎಂಬುದನ್ನು ನಾರ್ವೆಯ ಪ್ರಾಣಿವಿಜ್ಞಾನಿ ಥೋರ್ಲೀಫ್ ಶೆಲ್ಡರುಪ್ ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದ. ಎರಡು ಮೂರು ವರ್ಷದ ಹೇಂಟೆಗಳ ನಡುವೆ ಬೆಳೆದ ಹುಂಜ ಈ ಕ್ರಮದ ಕೆಳಗಿನಿಂದ ಮೇಲೆ ಬರಬೇಕು. ಒರಟಾಗಿ ಮೇಲೆ ಬಿದ್ದರೆ ಹಿರಿಯ ಹೇಂಟೆ ತಿರುಗಿ ನಿಂತು ತಲೆಗೇ ಕುಕ್ಕುತ್ತದೆ. ಕಾಳು ಕಂಡಾಗ ತಾನು ನುಂಗದೆ 'ಕೊಕ್ ಕೊಕ್' ಎಂದು ಕರೆದು ಹೇಂಟೆಯನ್ನು ಹತ್ತಿರ ಮಾಡಿಕೊಳ್ಳುವ ಉಪಾಯಕ್ಕೆ ಬೆಲೆ ಬರುವುದು ಅಲ್ಲೇ. ಒಂದೇ ಸಲ ಮೊಟ್ಟೆಯೊಡೆದ ಮರಿಗಳಷ್ಟೇ ಇರುವ ಹಿಂಡಿನಲ್ಲಿ ಹುಂಜಕ್ಕೆ ಬುದ್ಧಿ ಹೇಳುವವರೇ ಇಲ್ಲ. ಹಿರಿಯ ಹೇಂಟೆಗಳಿದ್ದರೆ ಹುಂಜವನ್ನು ಎಳೆಯವುಗಳಿಂದ ತೆಗೆದು ಅವುಗಳ ಜೊತೆ ಬಿಡುವುದು ನನ್ನ ಪ್ರಕಾರ ಉಳಿದೆಲ್ಲ ಉಪಾಯಕ್ಕಿಂತ ಮೇಲು.

ಮನುಷ್ಯರ ಮೇಲೆ ಬಂದಾಗ

ಹಾರಿ ಬಡಿಯುವ ಮೊದಲು ಹುಂಜ ಮುನ್ಸೂಚನೆ ಕೊಟ್ಟೇ ಕೊಡುತ್ತದೆ. ಕೆಲಸ ಬಿಟ್ಟು ನಿಂತು ಒಂದೇ ಕಣ್ಣಿನಲ್ಲಿ ದಿಟ್ಟಿಸುವುದು, ನಿಮ್ಮತ್ತ ಅಡ್ಡಡ್ಡವಾಗಿ ನಡೆದು ಬರುವುದು, ಕಾಲ ಬಳಿ ಒಂದು ರೆಕ್ಕೆ ಇಳಿಸಿ ಸುತ್ತುವುದು, ನೆಲದಲ್ಲಿ ಏನೂ ಇಲ್ಲದಿದ್ದರೂ ಕುಕ್ಕಿದಂತೆ ಮಾಡುವುದು. ಕತ್ತಿನ ಗರಿ ಛತ್ರಿಯಂತೆ ಬಿಚ್ಚಿಕೊಂಡು ತಲೆ ತಗ್ಗಿತೆಂದರೆ ಮುಂದಿನದು ಹಾರಾಟವೇ. ಎಷ್ಟೋ ಜನ ಆ ಸುತ್ತುವಿಕೆಯನ್ನು ಮುದ್ದಿನ ಕುಣಿತ ಎಂದುಕೊಂಡು ನಕ್ಕು ವಿಡಿಯೊ ಮಾಡುತ್ತಾರೆ.

ವಿಚಿತ್ರವೆಂದರೆ, ಹೀಗೆ ಮೈಮೇಲೆ ಬರುವುದರಲ್ಲಿ ಕೈಯಲ್ಲೇ ಮುದ್ದು ಮಾಡಿ ಬೆಳೆಸಿದ ಹುಂಜಗಳೇ ಮುಂದೆ. ಮನುಷ್ಯರ ಭಯವಿಲ್ಲದೆ ಬೆಳೆದ ಮರಿ ಪ್ರಾಯಕ್ಕೆ ಬಂದಾಗ ನಿಮ್ಮನ್ನು ತನ್ನ ಹಿಂಡಿನ ಇನ್ನೊಂದು ಹುಂಜವೆಂದೇ ಎಣಿಸುತ್ತದೆ. ದೂರದಲ್ಲೇ ಇದ್ದು ಬೆಳೆದದ್ದು ದೂರದಲ್ಲೇ ಉಳಿಯುತ್ತದೆ.

ಏನು ಕೆಣಕುತ್ತಿದೆ ಎಂದು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದು ದಿನ ಬೇರೆ ಚಪ್ಪಲಿ ಅಥವಾ ಬೂಟು. ಇನ್ನೊಂದು ದಿನ ಪೊರಕೆ, ಬಕೆಟ್ ಇಲ್ಲದೆ ಹೋಗಿ. ಮತ್ತೊಂದು ದಿನ ಬೇರೆಯವರು ಹೋಗಲಿ. ಅಲುಗಾಡುವ ಉದ್ದ ವಸ್ತು, ಗಾಢ ಬಣ್ಣದ ಬೂಟು, ಓಟದ ನಡಿಗೆ, ಹೇಂಟೆಯನ್ನು ಎತ್ತಿಕೊಂಡಾಗ ಅದು ಅರಚುವ ಸದ್ದು, ಇವೇ ಸಾಮಾನ್ಯ ಕಾರಣಗಳು. ಹೇಂಟೆ ಅರಚಿದಾಗ ಮಾತ್ರ ಬರುವ ಹುಂಜ ತನ್ನ ಕೆಲಸ ಮಾಡುತ್ತಿದೆ. ಹೇಂಟೆಗಳನ್ನು ಹಿಡಿಯುವುದನ್ನು ರಾತ್ರಿಗೆ ಇಟ್ಟುಕೊಂಡರೆ ಆಯಿತು, ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆ.

ಮೈಮೇಲೆ ಬಂದಾಗ ಒದೆಯುವುದು, ಕೋಲಿನಿಂದ ಹೊಡೆಯುವುದು ಬೇಡ. ಏಟು ಬಿದ್ದರೆ ನೀವು ಕಾಳಗಕ್ಕೆ ಒಪ್ಪಿದಿರಿ ಎಂದೇ ಅದರ ಲೆಕ್ಕ, ನಾಳೆ ಇನ್ನೂ ಜೋರಾಗಿ ಬರುತ್ತದೆ. ಓಡಿದರೆ ಅದು ಗೆದ್ದಂತೆ. ಎರಡಕ್ಕೂ ಎಡೆ ಕೊಡದೆ ನಿಂತಲ್ಲೇ ನಿಲ್ಲಿ. ಅಗಲವಾದ ಹಲಗೆಯನ್ನೋ ಬಕೆಟ್ಟಿನ ಮುಚ್ಚಳವನ್ನೋ ಮೊಣಕಾಲಿನ ಮುಂದೆ ಹಿಡಿದು, ಅದು ನಿಂತ ಜಾಗದತ್ತಲೇ ನಿಧಾನವಾಗಿ ಒಂದೊಂದು ಹೆಜ್ಜೆ ಇಡಿ. ಹಾರಿದರೆ ಹಲಗೆಗೆ ಬಡಿಯಲಿ. ಅದು ಹಿಂದೆ ಸರಿದು, ದೂರ ಹೋಗಿ ಬೇರೆ ಕೆಲಸಕ್ಕೆ ತೊಡಗುವವರೆಗೆ ನೀವು ಬೆನ್ನು ತಿರುಗಿಸಬಾರದು. ಹುಂಜದ ಹತ್ತಿರ ಹೋಗುವ ಮನೆಮಂದಿಯೆಲ್ಲ ಇದನ್ನೇ ಮಾಡಬೇಕು. ಒಬ್ಬರು ನಿಂತು ಇನ್ನೊಬ್ಬರು ಓಡಿದರೆ ಅದು ಓಡುವವರನ್ನು ಗುರುತಿಟ್ಟುಕೊಳ್ಳುತ್ತದೆ.

ಕೈಯಿಂದ ತಿನ್ನಿಸುವುದನ್ನು ಪೂರ್ತಿ ನಿಲ್ಲಿಸಿ. ಕಾಳನ್ನು ನಿಮ್ಮ ಕಾಲಿನಿಂದ ದೂರಕ್ಕೆ ಎರಚಿ. ಅಲ್ಲಿ ಹೋಗಿ ಹೇಂಟೆಗಳನ್ನು ಕರೆಯುವ ಕೆಲಸ ಅದಕ್ಕೆ ಸಿಗುತ್ತದೆ, ನಿಮ್ಮ ಬಗ್ಗೆ ಯೋಚಿಸಲು ಬಿಡುವಿರುವುದಿಲ್ಲ.

ಹುಂಜವನ್ನು ನೆಲಕ್ಕೊತ್ತಿ ಹಿಡಿದು 'ಸೋಲಿಸುವ' ಪದ್ಧತಿಯನ್ನು ಹಲವರು ಹೊಗಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೋಳಿಗೆ ನಮ್ಮಂತೆ ವಪೆ (ಎದೆ ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆ) ಇಲ್ಲ, ಎದೆಮೂಳೆ ಏರಿಳಿದರೆ ಮಾತ್ರ ಉಸಿರಾಡುತ್ತದೆ. ಎದೆ ಒತ್ತಿ ಹಿಡಿದರೆ ಉಸಿರು ಕಟ್ಟುತ್ತದೆ. ತಲೆಕೆಳಗಾಗಿ ತೂಗುಹಾಕಿ ಒಯ್ಯುವುದೂ ಒಳ್ಳೆಯದಲ್ಲ. ಹಿಡಿಯಲೇಬೇಕಾದಾಗ ರಾತ್ರಿ ಅದು ಕೂರುವ ಕೋಲಿನ ಮೇಲಿಂದ ಎತ್ತಿಕೊಂಡು, ಎರಡು ರೆಕ್ಕೆಯನ್ನೂ ಮೈಗೆ ಒತ್ತಿ, ಕಂಕುಳಲ್ಲಿ ಸಡಿಲವಾಗಿ ಇರಿಸಿಕೊಂಡು ಕಾಲುಗಳನ್ನು ಕೈಯಲ್ಲಿ ಹಿಡಿಯಿರಿ.

ಚಿಕ್ಕ ಮಕ್ಕಳಿರುವ ಕಡೆ ಈ ಪ್ರಯೋಗಗಳಿಗೆಲ್ಲ ಸಮಯ ಕೊಡಬೇಡಿ, ಮೊದಲು ಬೇಲಿ ಹಾಕಿ. ಹುಂಜ ಹಾರುವ ಎತ್ತರಕ್ಕೂ ಪುಟ್ಟ ಮಗುವಿನ ಕಣ್ಣಿಗೂ ಅಂತರ ಕಡಿಮೆ. ದೊಡ್ಡವರಿಗೂ ಇದು ಬರೀ ತಮಾಷೆಯಲ್ಲ: ಆಸ್ಟ್ರೇಲಿಯಾದಲ್ಲಿ ಮೊಟ್ಟೆ ಆಯುತ್ತಿದ್ದ ವೃದ್ಧೆಯೊಬ್ಬರ ಕಾಲಿನ ಉಬ್ಬಿದ ರಕ್ತನಾಳಕ್ಕೆ ಹುಂಜ ಕುಕ್ಕಿ, ರಕ್ತ ಸೋರಿ ಅವರು ತೀರಿಕೊಂಡ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಚುಚ್ಚಿದ ಗಾಯ ಮೇಲಿಂದ ಚಿಕ್ಕದಾಗಿ ಕಂಡರೂ ಒಳಗೆ ಆಳವಿರುತ್ತದೆ, ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಕಾಲಿನ ಮುಳ್ಳಿನ ಬಗ್ಗೆ ಒಂದು ಮಾತು. ಆರು ತಿಂಗಳ ಹುಂಜಕ್ಕೆ ಮುಳ್ಳು ಇನ್ನೂ ಗುಂಡಿಯಷ್ಟಿರುತ್ತದೆ, ಈ ವಯಸ್ಸಿನಲ್ಲಿ ಗಾಯ ಮಾಡುವುದು ಉಗುರು ಮತ್ತು ಕೊಕ್ಕು. ಉಗುರಿನ ಚೂಪನ್ನಷ್ಟು ಅರದಿಂದ ಉಜ್ಜಿ ಮೊಂಡು ಮಾಡಿದರೆ ಹೇಂಟೆಗಳಿಗೂ ಅನುಕೂಲ. ಮುಂದೆ ಮುಳ್ಳು ಬೆಳೆದಾಗಲೂ ತುದಿಯನ್ನು ಮಾತ್ರ ಉಜ್ಜಬೇಕು. ಒಳಗೆ ಮೂಳೆಯಿದೆ, ಆಳಕ್ಕೆ ಹೋದರೆ ರಕ್ತ ಬರುತ್ತದೆ.

ಸಾಧುವಾಗಿದ್ದದ್ದು ಇದ್ದಕ್ಕಿದ್ದಂತೆ ಬದಲಾದರೆ

ನೋವು ಹುಡುಕಿ. ಪಾದದ ಅಡಿ ಕಪ್ಪು ಹೊಪ್ಪಳೆ ಕಟ್ಟಿ ಊದಿದೆಯೇ, ಕಾಲಿನ ಹುರುಪೆ ಎದ್ದು ಒರಟಾಗಿದೆಯೇ, ಒಂದು ಕಣ್ಣು ಮಂಜಾಗಿದೆಯೇ? ಒಂದು ಕಡೆಯಿಂದ ಹೋದಾಗ ಮಾತ್ರ ಬೆಚ್ಚಿ ಎರಗುವ ಹುಂಜಕ್ಕೆ ಆ ಬದಿಯ ಕಣ್ಣು ಕಾಣದಿರಬಹುದು. ಜುಟ್ಟು ಬಿಳಿಚಿಕೊಂಡಿದ್ದರೆ, ತೂಕ ಇಳಿದಿದ್ದರೆ ಪಶುವೈದ್ಯರಿಗೆ ತೋರಿಸಿ.

ಗೂಡಿನಲ್ಲಿ ಬಲ್ಬ್ ಇದೆಯೇ ಎಂಬುದನ್ನೂ ನೋಡಿ. ಹೇಂಟೆಗಳು ಮೊಟ್ಟೆ ಬಿಡದೆ ಇಡಲಿ ಎಂದು ಬೆಳಕನ್ನು ದಿನಕ್ಕೆ 14ರಿಂದ 16 ಗಂಟೆಗೆ ಏರಿಸುವವರಿದ್ದಾರೆ. ಹಗಲು ಉದ್ದವಾದಷ್ಟೂ ಹುಂಜದ ಹಾರ್ಮೋನೂ ಏರುತ್ತದೆ. ಮೇವಿನಲ್ಲೂ ಒಂದು ಕಣ್ಣಿರಲಿ: ಮೊಟ್ಟೆಯಿಡುವ ಹೇಂಟೆಗಳಿಗಾಗಿ ಮಾಡಿದ ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡ ಇರುತ್ತದೆ, ಹುಂಜಕ್ಕೆ ಸುಮಾರು 1 ಶೇಕಡ ಸಾಕು. ಹೆಚ್ಚಿನದು ಮೂತ್ರಪಿಂಡಕ್ಕೆ ಭಾರ. ಇದರಿಂದ ಸಿಟ್ಟು ಬರುತ್ತದೆ ಎಂದಲ್ಲ, ಆದರೆ ಹುಂಜವನ್ನು ಉಳಿಸಿಕೊಳ್ಳುವುದಾದರೆ ಎಲ್ಲಕ್ಕೂ ಗ್ರೋವರ್ ಫೀಡ್ (ಬೆಳೆಯುವ ಕೋಳಿಗಳ ಮೇವು) ಹಾಕಿ, ಹೇಂಟೆಗಳಿಗೆ ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಡಿ.

ಬೇರೆ ಇಟ್ಟು ನೋಡುವುದು, ಕೊನೆಯ ತೀರ್ಮಾನ

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕಾಟ ನಿಲ್ಲದಿದ್ದರೆ ಹುಂಜವನ್ನು ಒಂದೆರಡು ವಾರ ಜಾಲರಿಯ ಆಚೆ ಇಡಿ. ಹಿಂಡು ಕಾಣುತ್ತಿರಲಿ, ನೆರಳು ನೀರು ಸರಿಯಿರಲಿ. ಇದು ಶಿಕ್ಷೆಗಾಗಿ ಅಲ್ಲ, ಪರೀಕ್ಷೆಗಾಗಿ. ಹುಂಜ ಆಚೆ ಹೋದರೂ ಹೇಂಟೆಗಳು ಹೆದರಿ ಮೂಲೆ ಸೇರಿದ್ದರೆ ಕಾಟ ಕೊಡುತ್ತಿರುವುದು ಬೇರೆ ಯಾರೋ. ಹೇಂಟೆಗಳು ಅಂಗಳಕ್ಕಿಳಿದು ನಿರಾಳವಾಗಿ ಮಣ್ಣಿನಲ್ಲಿ ಹೊರಳಿದರೆ ನಿಮ್ಮ ಅನುಮಾನ ಸರಿ. ಮರಳಿ ಬಿಡುವಾಗ ಕತ್ತಲಾದ ಮೇಲೆ ಕೋಲಿನ ಮೇಲೆ ಕೂರಿಸಿ, ಮರುದಿನ ಬೆಳಿಗ್ಗೆ ನೀವೇ ಇದ್ದು ಬಾಗಿಲು ತೆರೆಯಿರಿ. ಹಳೆಯ ಸ್ಥಾನ ಕೈತಪ್ಪಿರುವುದರಿಂದ ಕೆಲವು ಹುಂಜಗಳು ತಗ್ಗಿ ನಡೆಯುತ್ತವೆ, ಕೆಲವು ಅರ್ಧ ಗಂಟೆಯಲ್ಲಿ ಹಳೆಯ ಚಾಳಿಗೆ ಇಳಿಯುತ್ತವೆ.

ಹೇಂಟೆಗಳ ಜೊತೆಗಿನ ಒರಟುತನ ವರ್ಷ ತುಂಬುವ ಹೊತ್ತಿಗೆ ಸಾಕಷ್ಟು ಇಳಿಯಬಹುದು, ಕಾಯಬಹುದಾದ ದೋಷ ಅದು. ಮನುಷ್ಯರ ಮೇಲೆ ಪದೇಪದೇ ಬರುವ ಅಭ್ಯಾಸ ಪೂರ್ತಿ ಹೋಗುವುದು ಕಡಿಮೆ; ನಿಮ್ಮ ಜೊತೆ ತಣ್ಣಗಾದದ್ದು ಅತಿಥಿಗಳ ಮೇಲೆ ಎರಗಬಹುದು. ಅಂಥದನ್ನು ಹಿಂಡಿನಿಂದ ತೆಗೆಯುವುದರಲ್ಲಿ ಪಾಪಪ್ರಜ್ಞೆ ಬೇಡ. ಬೇರೆಯವರಿಗೆ ಕೊಡುವುದಾದರೆ ಅದರ ಗುಣವನ್ನು ಮುಚ್ಚಿಡದೆ ಹೇಳಿ ಕೊಡಿ. ಸ್ವಭಾವದಲ್ಲಿ ರಕ್ತದ ಪಾಲೂ ಇದೆ, ಆದ್ದರಿಂದ ಅದರ ಮೊಟ್ಟೆಯನ್ನು ಕಾವಿಗೆ ಕೂರಿಸಬೇಡಿ. ಹುಂಜ ಹೋದ ಮೇಲೂ ಎರಡು ಮೂರು ವಾರದವರೆಗೆ ಅದರ ಬೀಜದ ಮೊಟ್ಟೆಗಳು ಬರುತ್ತಿರುತ್ತವೆ ಎಂಬುದು ನೆನಪಿರಲಿ.

ಹುಂಜ ಹೋಗಿ ತಿಂಗಳಾದರೂ ಬೆನ್ನು ಬೋಳಾಗಿಯೇ ಇದ್ದರೆ ಗಾಬರಿಯಾಗಬೇಡಿ. ಬುಡಸಮೇತ ಕಿತ್ತುಹೋದ ಗರಿ ಕೆಲವು ವಾರದಲ್ಲಿ ಮತ್ತೆ ಬರುತ್ತದೆ. ನಡುವೆ ಮುರಿದದ್ದು ಹಾಗಲ್ಲ, ಆ ಮೊಂಡು ದಂಟು ಉದುರಿ ಹೊಸದು ಬರಲು ಮುಂದಿನ ಗರಿ ಉದುರುವ ಕಾಲದವರೆಗೆ ಕಾಯಬೇಕು. ಅಲ್ಲಿಯವರೆಗೆ ನೋಡಬೇಕಾದದ್ದು ಚರ್ಮವನ್ನು: ಕೆಂಪು ಇಳಿದು, ಹೊಸ ಗೀರು ಕಾಣದಿದ್ದರೆ ದೋಷ ನಿವಾರಣೆಯಾಗಿದೆ.